ತಂತಿಯ ಮೇಲಿನ ಪಾಲಪಿಟ್ಟ

ದಸರಾಕ್ಕೆ ಇನ್ನೂ ವಾರವಿರುವಾಗಲೇ, ನೀಲಕಂಠ ಎಂದೂ ಕರೆಯುವ ಪಾಲಪಿಟ್ಟ ಹಿತ್ತಲಿಗೆ ಬಂದಿತ್ತು.

ಹೊನ್ನೂರಮ್ಮ ಅದನ್ನು ಕಂಡದ್ದು ಪಾತ್ರೆ ತಿಕ್ಕುತ್ತಿದ್ದಾಗ. ಬೇವಿನ ಮರದ ಪಕ್ಕ ಹಾದುಹೋಗುವ ಕರೆಂಟಿನ ತಂತಿಯ ಮೇಲೆ, ತಲೆಯನ್ನು ಹೆಗಲೊಳಗೆ ಎಳೆದುಕೊಂಡು, ಯಾರ ಮೇಲೋ ಮುನಿಸಿಕೊಂಡ ಹಾಗೆ ಕೂತಿತ್ತು. ಕೂತಾಗ ಅದು ಬರೀ ಕಂದು ಎದೆಯ, ಮಸುಕು ಬೆನ್ನಿನ ಹಕ್ಕಿ. ಗೊತ್ತಿಲ್ಲದವರು ಎರಡನೇ ಸಲ ನೋಡುವುದಿಲ್ಲ. ಮಿಡತೆಯೊಂದು ಕಂಡು ಕೆಳಕ್ಕೆ ಧುಮುಕಿದಾಗ ಮಾತ್ರ, ಪೆಟ್ಟಿಗೆಯ ತಳದಿಂದ ತೆಗೆದ ರೇಷ್ಮೆ ಸೀರೆಯನ್ನು ಒಂದೇ ಸಲ ಕೊಡವಿದಂತೆ, ರೆಕ್ಕೆಯೊಳಗೆ ಮಡಚಿಟ್ಟಿದ್ದ ನೀಲಿಯೆಲ್ಲ ಹೊರಗೆ ಬೀಳುತ್ತದೆ.

ಪ್ರತಿ ವರ್ಷ ಹೊನ್ನೂರಮ್ಮ ಕೈಯ ಬೂದಿಯನ್ನೂ ತೊಳೆಯದೆ ಓಡಿಹೋಗಿ ಅತ್ತೆಗೆ ಹೇಳುತ್ತಿದ್ದಳು. ಈ ಸಲ ಹೇಳಲಿಲ್ಲ. ತಂಬಿಗೆ ತೊಳೆದು ಬೋರಲು ಹಾಕಿ ಒಳಗೆ ಹೋದಳು.

ಕುರುಗೋಡಿನ ಆ ಓಣಿಯಲ್ಲಿ ವಿಜಯದಶಮಿಯ ದಿನ ಪಾಲಪಿಟ್ಟ ನೋಡಿದರೆ ಒಳ್ಳೆಯದು ಎನ್ನುವವರು ಎಲ್ಲರೂ. ಆದರೆ ನೋಡದೆ ಬಾಯಿಗೆ ನೀರೂ ಬಿಡದವಳು ಹೊನ್ನೂರಮ್ಮನ ಅತ್ತೆ ಜಂಬಮ್ಮ ಒಬ್ಬಳೇ. ಆಕೆಯ ತವರು ಗಡಿಯಾಚೆ, ಆಂಧ್ರದ ಆಲೂರಿನ ಕಡೆ. ಹೊತ್ತು ಮುಳುಗುವುದರೊಳಗೆ ಹಕ್ಕಿಯನ್ನು ಕಣ್ಣಾರೆ ಕಂಡು ಕೈ ಮುಗಿಯಬೇಕು, ಕಂಡರೆ ಆ ವರ್ಷ ಜೀವಕ್ಕೆ ಭಯವಿಲ್ಲ ಎಂಬ ನಂಬಿಕೆಯನ್ನು ಸೀರೆ ಪಾತ್ರೆಗಳ ಜೊತೆ ಅಲ್ಲಿಂದಲೇ ತಂದಿದ್ದಳು. ಒಂದು ವರ್ಷ ಆಕೆಯ ಗಂಡ ಬಳ್ಳಾರಿಯ ಹತ್ತಿ ಮಾರ್ಕೆಟ್ಟಿನಲ್ಲಿ ಸಿಕ್ಕಿಹಾಕಿಕೊಂಡು ಹಬ್ಬದ ದಿನ ಹಕ್ಕಿ ನೋಡಿರಲಿಲ್ಲ. ಯುಗಾದಿಯ ಒಳಗೆ ತೀರಿಕೊಂಡ. ಅದಾದ ಮೇಲೆ ಜಂಬಮ್ಮನ ಮಾತಿಗೆ ಎದುರಾಡುವವರು ಇರಲಿಲ್ಲ.

ಈಗ ಎರಡು ವರ್ಷದಿಂದ ಆಕೆಯ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಮಾಡಿಸೋಣ ಎಂದರೆ, "ಕಣ್ಣಾಗ ಕತ್ತಿ ಹಾಕಿಸಿಕೊಂಡು ನಾ ಯಾವ ರಾಜ್ಯ ನೋಡಬೇಕು?" ಎನ್ನುತ್ತಿದ್ದಳು. ಬೆಳಕು ಕಾಣುತ್ತಿತ್ತು, ಬಣ್ಣ ಕಾಣುತ್ತಿತ್ತು, ಆಕಾರ ಕಾಣುತ್ತಿರಲಿಲ್ಲ. ಹೋದ ದಸರಾದಲ್ಲಿ ಹೊನ್ನೂರಮ್ಮನೇ ಆಕೆಯ ಗದ್ದ ಹಿಡಿದು ಮುಖ ತಿರುಗಿಸಿ, ಹಕ್ಕಿಯತ್ತ ಸಣ್ಣ ಕಲ್ಲು ಎಸೆದು ಹಾರಿಸಿದ್ದಳು. ನೀಲಿ ಕಂಡ ಮೇಲೆ ಮುದುಕಿ ಎರಡು ಹೋಳಿಗೆ ಉಂಡಿದ್ದಳು.

ಈ ಸಲ ಹೊನ್ನೂರಮ್ಮನ ಮನಸ್ಸು ತಿರುಗಿದ್ದಕ್ಕೆ ಕಾರಣ, ಹಿಂದಿನ ದಿನ ಅಡುಗೆಮನೆಯಲ್ಲಿ ಕೇಳಿದ ಒಂದು ಮಾತು.

ಮೈದುನನ ಹೆಂಡತಿ ಕೊಟ್ರಬಸಮ್ಮ ಬಾದನಹಟ್ಟಿಯ ತವರಿನಲ್ಲಿ ಹೆತ್ತು, ಮೂರು ತಿಂಗಳ ಕೂಸಿನೊಂದಿಗೆ ಆಗಷ್ಟೇ ಬಂದಿದ್ದಳು. ಇಪ್ಪತ್ತರ ಹುಡುಗಿ. ಬಂದಾಗಿನಿಂದ ಹಾಲು ಕಡಿಮೆ, ಕೂಸು ರಚ್ಚೆ ಹಿಡಿಯುತ್ತಿತ್ತು. ಹೊನ್ನೂರಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲ ಹೊಸ್ತಿಲಿಗೆ ಒರಗಿ ಕೂತ ಜಂಬಮ್ಮ ಕಿರಿಯ ಸೊಸೆಗೆ ಹೇಳುತ್ತಿದ್ದಳು:

"ಹಬ್ಬದ ದಿನ ಹಕ್ಕಿ ಹಿಡಿಯೋ ಮಾರೆಣ್ಣ ಪಾಲಪಿಟ್ಟದ ಪಂಜರ ತರ್ತಾನ. ಒಂದೆರಡು ಪುಕ್ಕ ಕಿತ್ತುಕೊಡು ಅಂತ ಹೇಳಿ ಕಳಿಸೀನಿ. ಸುಟ್ಟು ಬೂದಿ ಮಾಡಿ ಬೆಲ್ಲದ ನೀರಾಗ ಕುಡಿದಿ ಅಂದ್ರ ನೋಡು, ನಿನ್ನ ಕೂಸು ಕುಡಿದು ಮಿಗತೈತಿ. ಸುಳ್ಳಾದ್ರ ನಿಮ್ಮಕ್ಕನ್ನ ಕೇಳು. ಈಕೀಗೆ ನಾನ ಕೊಟ್ಟಿದ್ದು. ಆಮ್ಯಾಲೆ ಎರಡು ಗಂಡುಮಕ್ಕಳು ಹೆಂಗ ಕುಡಿದು ಬೆಳೆದ್ವು!"

ಕೊಟ್ರಬಸಮ್ಮ ತಲೆಯೆತ್ತಿ ನೋಡಿದಳು. "ಹೌದೇನಕ್ಕಾ?"

ಹೊನ್ನೂರಮ್ಮನ ಕೈ ರೊಟ್ಟಿಯ ಮೇಲೆ ನಿಂತಿತು. ಬೆಂಕಿಯ ಹೊಗೆ ಕಣ್ಣಿಗೆ ಹೊಡೆದಂತೆ ಮುಖ ಆಚೆ ತಿರುಗಿಸಿ, "ರೊಟ್ಟಿ ಸೀದೀತು, ತಡಿ," ಎಂದಳಷ್ಟೇ.

ಹದಿನೇಳು ವರ್ಷದ ಹಿಂದೆ ಆಕೆಗೂ ಇಪ್ಪತ್ತು. ಚೊಚ್ಚಲು ಹೆಣ್ಣು, ಹಂಪಮ್ಮ ಎಂದು ಹೆಸರು. ಸಿರಿಗೇರಿಯ ತವರಿನಿಂದ ತೊಟ್ಟಿಲು ತುಂಬಿಕೊಂಡು ಬಂದಿದ್ದಳು. ಆ ವರ್ಷ ಜಂಬಮ್ಮನ ಎಮ್ಮೆ ಹಾಲು ಇಳಿಸಿತ್ತು. ಪಾಲಪಿಟ್ಟದ ಪುಕ್ಕ ಕತ್ತರಿಸಿ ಹುಲ್ಲಿನಲ್ಲಿ ಬೆರೆಸಿ ತಿನ್ನಿಸಿದರೆ ಹಾಲು ಏರುತ್ತದೆ ಎಂದು ಆಲೂರಿನ ಕಡೆಯವರು ನಂಬುತ್ತಾರೆ. ಮಾರೆಣ್ಣನ ಕೈಯಲ್ಲಿ ಹಕ್ಕಿ ಹಿಡಿಸಿ ಜಂಬಮ್ಮ ಹಾಗೇ ಮಾಡಿದಳು. ಎಮ್ಮೆಯ ಹಾಲು ಏರಿತು. ಕಾಲುವೆಗೆ ಅದೇ ತಾನೇ ನೀರು ಬಿಟ್ಟು, ಬದುವಿನ ತುಂಬ ಹಸಿ ಹುಲ್ಲು ಬಂದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸೊಸೆಗೂ ಹಾಲು ಏರಲಿ ಎಂದು ಉಳಿದ ಪುಕ್ಕ ಆಕೆಯ ಪಾಲಿಗೆ ಬಂತು. ಲಿಂಗ ಕಟ್ಟಿದ ಮೈಗೆ ಹಕ್ಕಿಯ ಪುಕ್ಕ ಸಲ್ಲುವುದಿಲ್ಲವಲ್ಲ, ಅದಕ್ಕೊಂದು ದಾರಿಯನ್ನೂ ಜಂಬಮ್ಮನೇ ಕಂಡುಕೊಂಡಳು. ಸುಟ್ಟ ಮೇಲೆ ಅದು ಬೂದಿ, ಬೂದಿಗೆ ಯಾವ ಮೈಲಿಗೆ?

ಮಠದಿಂದ ತಂದ ಬೂದಿ ಎಂದು ಹೇಳಿ ಕುಡಿಸಿದ್ದಳು. ಅರೆಬೆಂದ ಪುಕ್ಕದ ಚೂರು ಗಂಟಲಿಗೆ ಅಂಟಿ ಹೊನ್ನೂರಮ್ಮ ಕರುಳು ಕಿತ್ತುಬರುವ ಹಾಗೆ ಕಕ್ಕಿದಳು. ಅದನ್ನೂ ತಡೆದುಕೊಳ್ಳಬಹುದಿತ್ತು. ಆದರೆ ಮದ್ದು ಹತ್ತುವ ತನಕ ಹಳೆಯ ಹಾಲು ಕೂಸಿಗೆ ವಿಷ ಎಂದು ಜಂಬಮ್ಮ ಹಂಪಮ್ಮನನ್ನು ಎತ್ತಿಕೊಂಡು ನಡುಮನೆಗೆ ಹೋದಳು. ಬಟ್ಟೆಯ ಬತ್ತಿಯನ್ನು ಎಮ್ಮೆ ಹಾಲಿನಲ್ಲಿ ಅದ್ದಿ ಕೂಸಿನ ಬಾಯಿಗಿಟ್ಟಳು. ಗೋಡೆಯ ಈಚೆ ಕೂಸಿನ ಅಳು ಕೇಳಿದಾಗಲೆಲ್ಲ ಹೊನ್ನೂರಮ್ಮನ ಎದೆ ತಾನಾಗಿ ಒಸರುತ್ತಿತ್ತು. ಕುಪ್ಪಸ ತೊಯ್ದು, ಸೆರಗು ತೊಯ್ದು, ಹಾಸಿದ ಕೌದಿ ತೊಯ್ದಿತ್ತು. ಜಂಬಮ್ಮ ಬಂದು ನೋಡಿದಳು. ತೊಯ್ದ ಕುಪ್ಪಸದ ಮೇಲೆ ಆಕೆಯ ಕಣ್ಣು ಒಂದು ಗಳಿಗೆ ನಿಂತದ್ದನ್ನು ಹೊನ್ನೂರಮ್ಮ ಕಂಡಿದ್ದಳು. ಆಗ ಆ ಕಣ್ಣಿಗೆ ಪೊರೆ ಇರಲಿಲ್ಲ. ಜಂಬಮ್ಮ ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಕೂಸಿಗೆ ಭೇದಿ ಹಿಡಿಯಿತು. ವಾರದೊಳಗೆ ತೊಟ್ಟಿಲು ಅಟ್ಟಕ್ಕೆ ಹೋಯಿತು.

"ಆಕೀ ಎದಿಯಾಗ ಹನಿ ಹಾಲಿರಲಿಲ್ಲ. ನಾ ಎಷ್ಟು ಬಡಕೊಂಡ್ರೂ ಕೂಸು ಉಳೀಲಿಲ್ಲ." ಜಂಬಮ್ಮ ಮಾತಾಡಿಸಲು ಬಂದವರಿಗೆಲ್ಲ ಹೇಳಿದ್ದು ಇದು. ಅದಾದ ಮೇಲೆ ಬಹಳ ದಿನ ಓಣಿಯ ತೊಟ್ಟಿಲು ಹಬ್ಬಗಳಲ್ಲಿ ಹೊನ್ನೂರಮ್ಮನ ಮಡಿಲಿಗೆ ಯಾರೂ ಕೂಸು ಕೊಡಲಿಲ್ಲ. ಮುಂದೆ ಎರಡು ಗಂಡುಮಕ್ಕಳಾದವು. ತವರಿನಲ್ಲಿಯೇ ವರ್ಷ ಕಳೆದು, ಹೊಟ್ಟೆ ತುಂಬ ಹಾಲೂಡಿಸಿ ಕರೆತಂದಳು. ಆ ಹಾಲನ್ನೂ ಜಂಬಮ್ಮ ತನ್ನ ಬೂದಿಯ ಲೆಕ್ಕಕ್ಕೆ ಬರೆದುಕೊಂಡಳು. ಒಮ್ಮೆ ಗಂಡ ದೊಡ್ಡಬಸಪ್ಪನ ಮುಂದೆ ಬಾಯಿ ಬಿಟ್ಟರೆ ಆತ, "ಹೋದ ಕೂಸು ಹೋಯ್ತು, ಅವ್ವನ ಕೂಡ ಏನು ಪಂಚಾಯ್ತಿ?" ಎಂದು ಪಕ್ಕಕ್ಕೆ ಹೊರಳಿದ.

ಹಿತ್ತಲಲ್ಲಿ ಒಂದು ಮಟಪಕ್ಷಿಯೂ ಇತ್ತು. ಉದ್ದ ಬಾಲ, ಬೂದು ರೆಕ್ಕೆ, ಬೆಳಿಗ್ಗೆ ಎದ್ದರೆ ಮುದ್ದಾದ ದನಿ. ಆ ದನಿ ತೆಗೆದ ದಿನವೇ ಅದು ಬೆಳವನ ಗೂಡಿಗೆ ನುಗ್ಗಿ ಮೊಟ್ಟೆ ಒಡೆದು ಕುಡಿಯುವುದನ್ನು ಹೊನ್ನೂರಮ್ಮ ನೋಡಿದ್ದಳು. ಕುಡಿದ ಮೇಲೆ ಕೊಂಬೆಗೆ ಕೊಕ್ಕು ಒರೆಸಿ ಮತ್ತೆ ಅದೇ ಮುದ್ದು ದನಿ. ಬೆಳವ ಪಕ್ಕದ ಕೊಂಬೆಯಲ್ಲಿ ಕೂತು ಬರೀ ಗುಟುರು ಹಾಕುತ್ತಿತ್ತು. ಆಗೆಲ್ಲ ಹೊನ್ನೂರಮ್ಮನಿಗೆ ಸಿಟ್ಟು ಬರುತ್ತಿದ್ದದ್ದು ಮಟಪಕ್ಷಿಯ ಮೇಲಲ್ಲ, ಬೆಳವನ ಮೇಲೆ.

ಆ ವಾರವಿಡೀ ಆಕೆ ಯೋಚಿಸಿದಳು. ಹಕ್ಕಿ ಬಂದಿಲ್ಲ ಎಂದು ಸುಳ್ಳು ಹೇಳಿದರೆ ಸಾಲದು, ಮುದುಕಿ ಮಾರೆಣ್ಣನನ್ನು ಬೆಳಿಗ್ಗೆಯೇ ಕರೆಸಿಕೊಂಡಾಳು. ಕೊಡದೆ ಇರುವುದು ಬೇರೆ, ಕೊಟ್ಟು ಕಸಿದುಕೊಳ್ಳುವುದು ಬೇರೆ. ತನ್ನ ಮಡಿಲಿಗೆ ಬಂದ ಕೂಸನ್ನೇ ಅಲ್ಲವೇ ಮುದುಕಿ ಕಸಿದದ್ದು?

ಹಬ್ಬದ ಬೆಳಿಗ್ಗೆ ಅತ್ತೆಯ ಕೈ ಹಿಡಿದು, "ಬರ್ರಿ ಅತ್ತಿ, ಈ ಸಲ ಹಿತ್ತಲಾಗ ಇಲ್ಲ, ಕಾಲುವಿ ದಂಡಿಗೆ ಐತಿ," ಎಂದು ಕರೆದುಕೊಂಡು ಹೊರಟಳು. ಹೊರಡುವಾಗ ಹಿತ್ತಲ ಬಾಗಿಲ ಚಿಲಕ ಹಾಕಿದಳು. ತಂತಿಯ ಮೇಲೆ ಪಾಲಪಿಟ್ಟ ತನ್ನ ಪಾಡಿಗೆ ಕೂತಿತ್ತು.

ಕಾಲುವೆಯ ತೂಬಿನ ಕಲ್ಲಿನ ಮೇಲೆ ದಿನಾ ಒಂದು ಮಿಂಚುಳ್ಳಿ ಕೂರುತ್ತದೆ. ಬಟ್ಟೆ ಒಗೆಯಲು ಹೋಗುವ ಹೆಂಗಸರಿಗೆಲ್ಲ ಅದರ ಗುರುತು. ಮೀನು ಹಿಡಿಯುವ ಹಕ್ಕಿ, ಕೆಂಪು ಕೊಕ್ಕು, ಬಿಳಿ ಕೊರಳು. ಆದರೆ ಬೆನ್ನು ಮಾತ್ರ ಕೂತಲ್ಲಿಯೇ ಹೊಳೆಯುವ ನೀಲಿ. ಪೊರೆ ಬಂದ ಕಣ್ಣಿಗೆ ಪಾಲಪಿಟ್ಟಕ್ಕಿಂತ ಇದೇ ಹೆಚ್ಚು ಪಾಲಪಿಟ್ಟ.

"ಕಾಣ್ತೇನ್ರಿ?"

"ತಡಿ... ಹಾ! ಕಂಡೆ. ಕಂಡೆನವ್ವಾ! ಎಷ್ಟು ನೀಲಿ ಐತಲೇ ಹೊನ್ನಿ! ಹಾರಿಸಬ್ಯಾಡ, ಹಾರಿಸಬ್ಯಾಡ. ಕುಂತಲ್ಲೇ ದರ್ಶನ ಕೊಟ್ಟಾನ ನಮ್ಮಪ್ಪ." ಮುದುಕಿ ಸೆರಗು ಹೊದ್ದು ಕೈ ಮುಗಿದಳು. ಪೊರೆಗಟ್ಟಿದ ಕಣ್ಣಿಂದ ನೀರು ಇಳಿಯಿತು. "ಇನ್ನೊಂದು ವರ್ಷ ದಾಟಿಸಿದಿ."

ಹೊನ್ನೂರಮ್ಮ ಆ ನೀರನ್ನು ನೋಡಿದಳು. ಮನಸ್ಸು ಕರಗಬಹುದೇನೋ ಎಂದು ಒಂದು ಕ್ಷಣ ಹೆದರಿದಳು. ಕರಗಲಿಲ್ಲ. ಅದು ಆಕೆಗೆ ಸಮಾಧಾನ ಕೊಟ್ಟಿತು.

ಮನೆಗೆ ಬಂದು ಜಂಬಮ್ಮ ಹೊಟ್ಟೆ ತುಂಬ ಹೋಳಿಗೆ ಉಂಡು ಮಲಗಿದಳು. ಮಾರೆಣ್ಣ ಬೆಳಿಗ್ಗೆ ಬಳ್ಳಾರಿಗೆ ಹೋಗಿ, ಅಲ್ಲಿಯ ಸಾಹುಕಾರರ ಮನೆಗಳಲ್ಲಿ ಪಂಜರದ ಹಕ್ಕಿ ತೋರಿಸಿ ಸಂಜೆಯ ಬಸ್ಸಿಗೆ ಬರುತ್ತಾನೆ ಎಂದು ಹೊನ್ನೂರಮ್ಮನಿಗೆ ಗೊತ್ತಿತ್ತು.

ಹೊತ್ತು ಇಳಿಯುವಾಗ ಗಂಡಸರೆಲ್ಲ ಬನ್ನಿ ಮುಡಿಯಲು ಊರ ಹೊರಗೆ ಹೋಗಿದ್ದರು. ಓಣಿಯ ಹೆಂಗಸರು ಬನ್ನಿ ಕೊಡಲು ಜಂಬಮ್ಮನ ಅಂಗಳಕ್ಕೆ ಬಂದು ಕೂತಿದ್ದರು, ಹಿರಿಯಳಲ್ಲವೇ. ಆಗ ಮಾರೆಣ್ಣ ಬಂದ. ಬಿದಿರಿನ ಪಂಜರಕ್ಕೆ ಹಳೆಯ ಲುಂಗಿ ಸುತ್ತಿತ್ತು.

"ಏನು ಮಾರೆಣ್ಣ, ನಿನ್ನ ಹಕ್ಕಿಗೂ ಕಂಡಕ್ಟರ್ ಟಿಕೇಟು ಹರಿದನೇನು?" ಎದುರುಮನೆಯ ವಿರೂಪಮ್ಮ ಕೇಳಿದಳು.

"ಅರ್ಧ ಟಿಕೇಟು ಅಂದ, ಅಮ್ಮ. ಮುಖ ತೋರ್ಸಿದೆ, ಕೈ ಮುಗಿದು ಬಿಟ್ಟ."

ಹೆಂಗಸರು ನಕ್ಕರು. ಜಂಬಮ್ಮನೂ ನಕ್ಕಳು. "ನಂದು ದರ್ಶನ ಆಗೇತಿ ಬಿಡಪಾ. ಈ ಸಲ ಕುಂತಲ್ಲೇ ನೀಲಿ ತೋರ್ಸಿದ, ಕೆಂಪು ಕೊಕ್ಕು ಸೈತ ಕಂಡೆ. ನನಗ ಪುಕ್ಕ ಅಷ್ಟ ಬೇಕು. ಕೊಟ್ರಿ, ಬಾ ಇಲ್ಲಿ, ಕೈ ಚಾಚು."

ಕೊಟ್ರಬಸಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಬಂದಳು. ಮಾರೆಣ್ಣ, "ಕೆಂಪು ಕೊಕ್ಕಾ?" ಎಂದು ಅನುಮಾನದಿಂದ ಅಂದ.

ಹೊನ್ನೂರಮ್ಮ ಪಂಜರವನ್ನು ಅವನ ಕೈಯಿಂದ ತೆಗೆದುಕೊಂಡಳು. ಗುಡ್ಡದ ಬಂಡೆಗಳ ಮೇಲೆ ಸೂರ್ಯ ಒಂದು ಗೇಣು ಉಳಿದಿದ್ದ.

"ಅತ್ತಿ," ಎಂದಳು ಎಲ್ಲರಿಗೂ ಕೇಳುವ ಹಾಗೆ. "ಬೆಳಿಗ್ಗಿ ನೀವು ಕೈ ಮುಗಿದದ್ದು ಪಾಲಪಿಟ್ಟಕ್ಕಲ್ಲ. ಮೀನು ತಿನ್ನೋ ಮಿಂಚುಳ್ಳಿಗೆ."

ಯಾರೋ ಕಿಸಕ್ಕನೆ ನಗಲು ಹೋಗಿ ಬಾಯಿ ಮುಚ್ಚಿಕೊಂಡರು. ಜಂಬಮ್ಮನ ಕೈಯಲ್ಲಿದ್ದ ಬನ್ನಿ ಎಲೆ ಕೆಳಗೆ ಬಿತ್ತು.

"ಏನಂದಿ?"

"ಗೊತ್ತಿದ್ದೇ ತೋರ್ಸೀನಿ. ನಿಮಗ ಹಕ್ಕಿ ಗುರ್ತ ಹಿಡಿಯಾಕ ಬರಂಗಿಲ್ಲ, ಅದರ ಪುಕ್ಕದಾಗ ಮದ್ದು ಐತಿ ಅಂತ ಹೇಳಾಕ ಬರ್ತೈತಿ."

"ಹೊತ್ತು ಮುಳುಗೇತೇನು?" ಮುದುಕಿಯ ದನಿ ಒಡೆಯಿತು. "ಯಾರರ ಹೇಳ್ರೇ, ಹೊತ್ತು ಮುಳುಗೇತೇನು? ನಾ ಉಂಡುಬಿಟ್ಟೆನಲ್ಲಬೇ! ಮಾರೆಣ್ಣ, ಪಂಜರ ತೆಗಿಯೋ. ತೋರ್ಸೋ!"

"ಪಂಜರ ನನ್ನ ಕೈಯಾಗ ಐತಿ," ಹೊನ್ನೂರಮ್ಮ ಅಂದಳು. "ಇನ್ನೂ ಹೊತ್ತು ಐತಿ. ತೋರಿಸ್ತೀನಿ. ಒಂದ ಮಾತು ಹೇಳ್ರಿ. ಹಂಪಮ್ಮನ್ನ ನೀವು ನಡುಮನಿಗೆ ಒಯ್ದಾಗ ನನ್ನ ಕುಪ್ಸ ತೊಯ್ದಿತ್ತು. ನೀವು ನೋಡಿದ್ರಿ. ತೊಯ್ದಿತ್ತು ಅಂತ ಈ ನಾಕು ಮಂದಿ ಮುಂದ ಹೇಳ್ರಿ. ಸಾಕು."

ಆ ಹೆಸರು ಆ ಅಂಗಳದಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ವಿರೂಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೊಟ್ರಬಸಮ್ಮ ಚಾಚಿದ ಕೈಯನ್ನು ಹಿಂದಕ್ಕೆಳೆದು ಕೂಸಿನ ಬೆನ್ನ ಮೇಲಿಟ್ಟಳು.

"ನಿನ್ನ ಎದಿಯಾಗ ಹಾಲಿರಲಿಲ್ಲ," ಜಂಬಮ್ಮ ಅಂದಳು. ಆದರೆ ಅದರಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಅತ್ತಿ, ಸೂರ್ಯ ಗುಡ್ಡದ ಬಂಡೆಗೆ ತಾಕಿದ."

ಮುದುಕಿ ಬೆಳಕು ಬರುವ ಕಡೆಗೆ ಮುಖ ತಿರುಗಿಸಿದಳು. ತುಟಿ ಅಲುಗಿದವು. ಪಂಜರದೊಳಗೆ ಹಕ್ಕಿ ಕರಕರ ಕೂಗಿ ಒದ್ದಾಡಿತು. ಒಂದು ತೋಳಿನಷ್ಟು ದೂರದಲ್ಲಿ, ಒಂದು ಬಟ್ಟೆಯ ಮರೆಯಲ್ಲಿ ಆಕೆಯ ವರ್ಷ ಕೂತಿತ್ತು. ಆಕೆ ಎರಡೂ ಕೈ ಮುಂದೆ ಚಾಚಿದಳು. ಹೊನ್ನೂರಮ್ಮ ಪಂಜರವನ್ನು ಒಂದು ಹೆಜ್ಜೆ ಹಿಂದಕ್ಕೆ ಒಯ್ದಳು.

"ಹೇಳ್ರಿ."

"ಅದನ್ನ ಹೇಳಿದ್ರ..." ಜಂಬಮ್ಮ ಅಂದಳು. "ಅದನ್ನ ಹೇಳಿದ್ರ, ನಾ ಇಷ್ಟು ದಿನ ಈ ಮನ್ಯಾಗ ಏನಾಗಿ ಉಂಡೆ? ಯಾಕ ಕೇಳ್ತೀಯಲೇ ನನ್ನ?"

ಹೊನ್ನೂರಮ್ಮನಿಗೆ ಅಷ್ಟರಲ್ಲಿ ಎಲ್ಲವೂ ತಿಳಿಯಿತು. ಮುದುಕಿಗೆ ಆ ತೊಯ್ದ ಕುಪ್ಪಸ ನೆನಪಿದೆ. ನಿನ್ನೆ ಕಂಡಷ್ಟು ನೆನಪಿದೆ. ನೆನಪಿಟ್ಟುಕೊಂಡೇ ಓಣಿಗೆಲ್ಲ ಬೇರೆ ಹೇಳಿದಳು, ನೆನಪಿಟ್ಟುಕೊಂಡೇ ಕೊಟ್ರಬಸಮ್ಮನಿಗೂ ಬೂದಿ ಕಲಸಲು ಕೂತಿದ್ದಾಳೆ. ಸಾಯುವುದಕ್ಕಿಂತ ಆ ಒಂದು ಮಾತು ಆಕೆಗೆ ದೊಡ್ಡದು.

"ಹಂಗಾದ್ರ ಇರ್ಲಿ," ಎಂದು ಪಂಜರವನ್ನು ನೆಲಕ್ಕಿಟ್ಟಳು. ಲುಂಗಿ ತೆಗೆದಳು. ಬಾಗಿಲನ್ನು ಅತ್ತೆಯ ಕಡೆಗಲ್ಲ, ಬೇವಿನ ಮರದ ಕಡೆಗೆ ತಿರುಗಿಸಿದಳು. ಹಕ್ಕಿಯನ್ನು ಹೊರಗೆ ತೆಗೆದು, ಅದರ ರೆಕ್ಕೆಗೆ ಕಟ್ಟಿದ್ದ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು. ಹಕ್ಕಿ ಆಕೆಯ ಹೆಬ್ಬೆರಳನ್ನು ರಕ್ತ ಬರುವ ಹಾಗೆ ಕುಕ್ಕಿತು. ಆದರೂ ಆಕೆ ಹಿಡಿತ ಬಿಡಲಿಲ್ಲ.

"ಏ ಅಮ್ಮಾ, ನನ್ನ ಹಕ್ಕಿ!" ಮಾರೆಣ್ಣ ಮುಂದೆ ಬಂದ.

"ಹಬ್ಬ ಮುಗೀತಲ್ಲ ಮಾರೆಣ್ಣ. ನಾಳೆಯಿಂದ ಇದಕ್ಕ ಮಿಡತಿ ಹಿಡಿದು ಹಾಕಾವ ನೀನೇನು? ಒಳಗ ಬಾ, ಹೋಳಿಗಿ ಉಂಡು, ಒಂದು ಮೊರ ಜೋಳ ತಗೊಂಡು ಹೋಗು."

ಕೈ ಬಿಚ್ಚಿದಳು.

ಹಕ್ಕಿ ಒಂದು ಕ್ಷಣ ಅಂಗಳದ ಮಣ್ಣಿನಲ್ಲಿ ಎಡವಿದ ಹಾಗೆ ಕುಪ್ಪಳಿಸಿತು. ಆಮೇಲೆ ಎದ್ದಿತು. ಕಡೆಯ ಬಿಸಿಲು ತಾಗಿ ಎರಡೂ ರೆಕ್ಕೆ ನೀಲಿಯಾಗಿ ಉರಿದವು. ಹೆಂಗಸರೆಲ್ಲ ತಮಗೆ ತಿಳಿಯದೆಯೇ ಎದ್ದು ನಿಂತು ಕೈ ಮುಗಿದರು. ಕೊಟ್ರಬಸಮ್ಮ ಕೂಸಿನ ಮುಖವನ್ನೂ ಅತ್ತ ತಿರುಗಿಸಿದಳು. ಹಕ್ಕಿ ಬೇವಿನ ಮರದ ತುದಿಯನ್ನು ದಾಟಿ ಗುಡ್ಡದ ಕುರುಚಲಿನ ಕಡೆ ಹೋಯಿತು.

ಜಂಬಮ್ಮ ಇನ್ನೂ ನೆಲದ ಮೇಲಿನ ಪಂಜರದ ಕಡೆಗೇ ಕಣ್ಣು ನೆಟ್ಟಿದ್ದಳು.

"ಹಾರಿತೇನು?" ಎಂದು ಕೇಳಿದಳು.

"ಹಾರಿತು," ಹೊನ್ನೂರಮ್ಮ ಅಂದಳು.

ಯಾರೂ ಬನ್ನಿ ಕೊಡಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಹೋಗುವಾಗ ವಿರೂಪಮ್ಮ ಮಾತ್ರ ಹೊನ್ನೂರಮ್ಮನ ಹತ್ತಿರ ನಿಂತು, ರಕ್ತ ಬರುತ್ತಿದ್ದ ಹೆಬ್ಬೆರಳನ್ನು ನೋಡಿ, "ಅರಿಶಿಣ ಹಚ್ಚಿಕೋ," ಎಂದಳು. ಅದು ಹದಿನೇಳು ವರ್ಷ ತಡವಾಗಿ ಬಂದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು.

ಕೊಟ್ರಬಸಮ್ಮನ ಪಾಲಿಗೆ ಹೊನ್ನೂರಮ್ಮ ಮಾಡಿದ್ದು ಇಷ್ಟೇ. ಎರಡು ಹೊತ್ತೂ ತುಪ್ಪ ಬಿಟ್ಟ ಬಿಸಿ ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಮತ್ತು ಕೂಸು ಅತ್ತಾಗಲೆಲ್ಲ ಅದನ್ನು ಎತ್ತಿ ಎದೆಗೆ ಕೊಡುವುದು. ಹಾಲು ಬಂತು. ಒಂದು ಮಧ್ಯಾಹ್ನ ಕುಡಿದು ನಿದ್ದೆ ಹೋದ ಕೂಸನ್ನು ಕೊಟ್ರಬಸಮ್ಮ ತಂದು ಹೊನ್ನೂರಮ್ಮನ ಮಡಿಲಲ್ಲಿ ಇಟ್ಟು ನೀರು ತರಲು ಹೋದಳು.

ವಿಷಯ ಕೇಳಿದ ದೊಡ್ಡಬಸಪ್ಪ ಎರಡು ದಿನ ಹೆಂಡತಿಯ ಜೊತೆ ಮಾತು ಬಿಟ್ಟ. ಮೂರನೆಯ ದಿನ ಆತನೇ, "ಅಷ್ಟು ನೆನಪು ಇತ್ತೇನು ನಿನಗ?" ಎಂದು ಕೇಳಿದ. ಹೊನ್ನೂರಮ್ಮ ರೊಟ್ಟಿ ತಿರುವಿ ಹಾಕಿದಳು. ನೆನಪು ಇಲ್ಲದಿದ್ದವನಿಗೆ ಏನು ಹೇಳುವುದು?

ಜಂಬಮ್ಮ ಸಾವಿಗೆ ಕಾಯತೊಡಗಿದಳು. ಸೀರೆಗಳನ್ನು ಹಂಚಿದಳು. ಕಿವಿಯೋಲೆ ಬಿಚ್ಚಿ ಡಬ್ಬಿಗೆ ಹಾಕಿದಳು. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಯುಗಾದಿಯ ಬೇವು ಬೆಲ್ಲವನ್ನು ಬಾಯಲ್ಲಿಟ್ಟುಕೊಂಡು, ತಾನಿನ್ನೂ ಇರುವುದಕ್ಕೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದವಳಂತೆ ಕೂತಳು. ಓಣಿಯಲ್ಲಿ ಆಕೆಯ ಮದ್ದು ಕೇಳುವವರು ಇರಲಿಲ್ಲ.

ಹೊನ್ನೂರಮ್ಮನಿಗೆ ಅತ್ತೆ ಸಾಯುವುದು ಬೇಕಿರಲಿಲ್ಲ. ಹೊತ್ತಿಗೆ ಸರಿಯಾಗಿ ಅಂಬಲಿ ಕೊಟ್ಟಳು, ಬೆನ್ನು ತಿಕ್ಕಿ ಮೀಯಿಸಿದಳು, ತಲೆ ಬಾಚಿದಳು. ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಸೊಸೆ ಸಿಕ್ಕುವುದಿಲ್ಲ ಎಂದು ಓಣಿಯವರು ಆಡಿಕೊಂಡರು. ಮುದುಕಿ ಬಹಳ ಕಾಲ ಬದುಕಲಿ ಎಂದು ಹೊನ್ನೂರಮ್ಮ ಮನಸಾರೆ ಬೇಡಿಕೊಳ್ಳುತ್ತಿದ್ದಳು.

ಬೆಳಗಿನ ಹೊತ್ತು ಜಂಬಮ್ಮನನ್ನು ಹಿತ್ತಲಿಗೆ ಕರೆತಂದು ಬೇವಿನ ನೆರಳಿಗೆ ಕೂರಿಸುತ್ತಿದ್ದಳು. ಬೇವಿನ ಪೊಟರೆಯಲ್ಲಿ ಆ ಬೇಸಿಗೆ ಪಾಲಪಿಟ್ಟ ಮರಿ ಮಾಡಿತ್ತು. ಗಂಡು ಹೆಣ್ಣು ಎರಡೂ ತಂತಿಯ ಮೇಲೆ ಸಾಲಾಗಿ ಕೂತು, ಮಟಪಕ್ಷಿ ಹತ್ತಿರ ಸುಳಿದರೆ ಕರ್ಕಶವಾಗಿ ಕೂಗಿ ಅಟ್ಟಿಸಿಕೊಂಡು ಹೋಗುತ್ತಿದ್ದವು. ಮುದುಕಿ ಕಿವಿಗೊಟ್ಟು ಕೇಳುತ್ತಿದ್ದಳು. ಆಮೇಲೆ ಮುಖವೆತ್ತಿ, ಸಣ್ಣ ದನಿಯಲ್ಲಿ ಕೇಳುತ್ತಿದ್ದಳು:

"ಹೊನ್ನಿ, ತಂತಿ ಮ್ಯಾಲೆ ಏನರ ಕುಂತೈತೇನು?"

ಹೊನ್ನೂರಮ್ಮ ತಂಬಿಗೆ ತಿಕ್ಕುತ್ತ ತಲೆಯೆತ್ತಿ ನೋಡುತ್ತಿದ್ದಳು. ಒಂದು ಹಕ್ಕಿ ಧುಮುಕುತ್ತಿತ್ತು, ಬಿಸಿಲಿನಲ್ಲಿ ನೀಲಿ ಬಿಚ್ಚಿಕೊಳ್ಳುತ್ತಿತ್ತು.

"ಕಾಗಿ, ಅತ್ತಿ," ಎನ್ನುತ್ತಿದ್ದಳು.